ಇಲಿಯ ಎರಡು ವಾರ, ರೋಗಿಯ ಇಪ್ಪತ್ತು ವರ್ಷ

ಇಂದಿನ ಉಪನ್ಯಾಸದ ವಿಷಯ, ಮೂತ್ರಪಿಂಡದೊಳಗೆ ನೋವಿಲ್ಲದೆ ಬೆಳೆಯುವ ಕಲೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹುಟ್ಟಿನಿಂದ ಬಂದ ದೋಷ, ಹೀಗೆ ಕಾರಣ ಯಾವುದೇ ಇರಲಿ, ಕಾಯಿಲೆ ಹಳೆಯದಾದಂತೆ ಸೋಸುವ ಭಾಗಗಳು ನಶಿಸಿ ಆ ಜಾಗವನ್ನು ಕೊಲಾಜನ್ ಎಂಬ ನಾರು ತುಂಬುತ್ತದೆ. ವೈದ್ಯರು ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ. ನಾರು ಹಬ್ಬಿದಷ್ಟೂ ಕಿಡ್ನಿಯ ಶಕ್ತಿ ಕುಗ್ಗಿ, ಕೊನೆಗೆ ಡಯಾಲಿಸಿಸ್ ಬೇಕಾಗುತ್ತದೆ.

ನಾರನ್ನು ತಡೆಯುವ ಔಷಧದ ಮೊದಲ ಪರೀಕ್ಷೆ ಸಾಮಾನ್ಯವಾಗಿ ಇಲಿಗಳಲ್ಲಿ ನಡೆಯುತ್ತದೆ. ಬಹಳ ಬಳಕೆಯಲ್ಲಿರುವ ವಿಧಾನವೊಂದರಲ್ಲಿ ಇಲಿಗೆ ಅರಿವಳಿಕೆ ಕೊಟ್ಟು, ಒಂದು ಕಿಡ್ನಿಯಿಂದ ಇಳಿಯುವ ಮೂತ್ರನಾಳವನ್ನು ದಾರದಿಂದ ಕಟ್ಟುತ್ತಾರೆ. ಮೂತ್ರ ಹಿಂದಕ್ಕೆ ಒತ್ತಿ, ಒಂದೆರಡು ವಾರದಲ್ಲೇ ಆ ಕಿಡ್ನಿ ನಾರುಗಟ್ಟುತ್ತದೆ. ಅದರ ತೆಳು ಪದರಕ್ಕೆ ಮ್ಯಾಸನ್ ಟ್ರೈಕ್ರೋಮ್ ಬಣ್ಣ ಹಾಕಿದರೆ ಕೊಲಾಜನ್ ನೀಲಿಯಾಗಿ ಎದ್ದು ಕಾಣುತ್ತದೆ. ಔಷಧ ಪಡೆದ ಇಲಿಯಲ್ಲಿ ಆ ನೀಲಿ ಎಷ್ಟು ಕಡಿಮೆಯಾಯಿತು ಎಂದು ಅಳೆಯುತ್ತಾರೆ.

ತೊಡಕು ಇರುವುದು ಇಲ್ಲೇ. ಇನ್ನೊಂದು ಕಿಡ್ನಿ ಆರೋಗ್ಯವಾಗಿರುವುದರಿಂದ ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಅಷ್ಟೇನೂ ಏರುವುದಿಲ್ಲ. ನಾರು ತಗ್ಗಿದ್ದು ತಿಳಿಯುತ್ತದೆ, ಕಿಡ್ನಿಯ ಕೆಲಸ ಉಳಿಯಿತೇ ಎಂಬುದು ತಿಳಿಯುವುದಿಲ್ಲ. ಎಷ್ಟೋ ಪ್ರಯೋಗಗಳಲ್ಲಿ ನಾಳ ಕಟ್ಟಿದ ದಿನವೇ ಔಷಧವೂ ಶುರುವಾಗಿರುತ್ತದೆ. ರೋಗಿಯಾದರೋ ಇಪ್ಪತ್ತು ವರ್ಷದ ಕಾಯಿಲೆ ಹೊತ್ತು ಬಂದಿರುತ್ತಾನೆ.

ಈ ಅಂತರಕ್ಕೆ ತೆತ್ತ ಬೆಲೆ ಸಣ್ಣದಲ್ಲ. ನಾರು ಕಟ್ಟಲು ಕೋಶಗಳನ್ನು ಪ್ರಚೋದಿಸುವ ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನು ತಡೆದರೆ ಇಲಿಯ ಕಿಡ್ನಿಗೆ ರಕ್ಷಣೆ ಸಿಗುತ್ತದೆಂದು ವೇಯ್ನ್ ಬಾರ್ಡರ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ಸಕ್ಕರೆ ಕಾಯಿಲೆಯ ಇಲಿಗಳಲ್ಲೂ ಅಂಥದೇ ಫಲ ಕಂಡಿತು. ಮುಂದೆ ಅದೇ ಪ್ರೋಟೀನಿನ ವಿರುದ್ಧದ ಆ್ಯಂಟಿಬಾಡಿಯನ್ನು ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟಿದ್ದ 416 ರೋಗಿಗಳಲ್ಲಿ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲ. ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಆ ರೋಗಿಗಳೆಲ್ಲ ಆಗಲೇ ಕಿಡ್ನಿ ಕಾಯುವ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದವರು.

ಹಾಗೆಂದು ಇಲಿಯ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ಆ ಮಾತ್ರೆಗಳ ದಾರಿ ತೆರೆದದ್ದೂ ಇಲಿಯೇ. ಕಿಡ್ನಿಯ ಆರರಲ್ಲಿ ಐದು ಪಾಲು ಕಳೆದುಕೊಂಡ ಇಲಿಗಳಿಗೆ ಆ ಮಾತ್ರೆಗಳಲ್ಲೊಂದಾದ ಎನಾಲಾಪ್ರಿಲ್ ಕೊಟ್ಟರೆ ಉಳಿದ ಪಾಲು ಕಡಿಮೆ ಹಾಳಾಗುತ್ತದೆಂದು ಬೋಸ್ಟನ್ನಿನ ಬ್ಯಾರಿ ಬ್ರೆನ್ನರ್ ತಂಡ 1985ರಲ್ಲಿ ವರದಿ ಮಾಡಿತು. 1993ರಲ್ಲಿ ಅದೇ ವರ್ಗದ ಔಷಧವಾದ ಕ್ಯಾಪ್ಟೊಪ್ರಿಲ್, 409 ಸಕ್ಕರೆ ರೋಗಿಗಳ ಅಧ್ಯಯನದಲ್ಲಿ ಸಾವು, ಡಯಾಲಿಸಿಸ್, ಕಿಡ್ನಿ ಕಸಿಯ ಒಟ್ಟು ಅಪಾಯವನ್ನು ಅರ್ಧಕ್ಕಿಳಿಸಿತು.

ಹೊತ್ತಿನ ಮಹತ್ವವನ್ನು ಹೇಳಿಕೊಟ್ಟದ್ದು ಆಲ್‌ಪೋರ್ಟ್ ಎಂಬ ಆನುವಂಶಿಕ ಕಾಯಿಲೆಯ ಇಲಿ. 2003ರಲ್ಲಿ ಪ್ರಕಟವಾದ ಜರ್ಮನ್ ಸಂಶೋಧನೆಯಲ್ಲಿ, ಅದೇ ವರ್ಗದ ರಾಮಿಪ್ರಿಲ್ ಬೇಗ ಶುರುಮಾಡಿದ ಇಲಿಗಳ ಆಯಸ್ಸು 71 ದಿನದಿಂದ 150 ದಿನಕ್ಕೇರಿತು. ತಡವಾಗಿ ಕೊಟ್ಟಾಗ ಅಷ್ಟು ಲಾಭ ಸಿಗಲಿಲ್ಲ.

ಆದ್ದರಿಂದ ಹೊಸ ಔಷಧದ ಪರೀಕ್ಷೆ ಕಠಿಣವಾಗಲೇಬೇಕು. ನಾರು ಕಟ್ಟಿದ ಮೇಲೆ ಔಷಧ ಶುರುವಾಗಬೇಕು. ಚಾಲ್ತಿಯಲ್ಲಿರುವ ಮಾತ್ರೆಯನ್ನೂ ಜೊತೆಗೆ ಕೊಡಬೇಕು. ಬಣ್ಣದೊಂದಿಗೆ ಕಿಡ್ನಿಯ ಕೆಲಸವನ್ನೂ ಅಳೆಯಬೇಕು. ಪ್ರಾಣಿಯ ಜೀವವನ್ನು ಬಳಸಿಕೊಳ್ಳುವವರಿಗೆ ಇದು ಕರ್ತವ್ಯವೂ ಹೌದು. ಹಳೆಯ ಮಾತ್ರೆಯ ಜೊತೆಗೂ ಫಲ ಕೊಟ್ಟ ಔಷಧವಿದೆ. ಇಲಿಗಳಲ್ಲಿ ನಾರು ತಗ್ಗಿಸಿದ್ದ ಫಿನೆರೆನೋನ್ ಎಂಬ ಔಷಧ, ಹಳೆಯ ಮಾತ್ರೆಗಳನ್ನು ತೆಗೆದುಕೊಳ್ಳುತ್ತಲೇ ಇದ್ದ 5,674 ರೋಗಿಗಳಲ್ಲಿ ಕಿಡ್ನಿಯ ಕುಸಿತವನ್ನು ನಿಧಾನಗೊಳಿಸಿದ್ದು 2020ರಲ್ಲಿ ಪ್ರಕಟವಾಯಿತು. ಮರುವರ್ಷ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.