ಕಾಲರಾ ರೋಗಾಣುವಿನ ಹಿಡಿತ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿಗಾಗಿ ಈ ಮಹಾನಗರಕ್ಕೆ ಬಂದ ನಾವು ಬಾಡಿಗೆಯ ಮನೆ ನೋಡಲು ಹೋದಾಗ ಮೊದಲು ಕೇಳುವ ಪ್ರಶ್ನೆ, "ನೀರು ಹೇಗೆ?" ಎಂಬುದು. ಊರಿನಲ್ಲಿ ನಮ್ಮ ತಾಯಂದಿರು ಕೊಡದ ಬಾಯಿಗೆ ಹಳೆಯ ಸೀರೆಯ ತುಂಡನ್ನು ಮಡಿಸಿ ಹಾಸಿ ನೀರು ಸೋಸುತ್ತಿದ್ದರು. ನಾಲ್ಕಕ್ಷರ ಕಲಿತ ನಾವು ಅದನ್ನು ಕಂಡು ನಕ್ಕದ್ದೂ ಉಂಟು. ಕಣ್ಣಿಗೆ ಕಾಣದ ರೋಗಾಣುವನ್ನು ಬಟ್ಟೆ ತಡೆದೀತೇ ಎಂದು ಕೇಳಿದ್ದೂ ಉಂಟು. ಆ ಪ್ರಶ್ನೆಗೆ ವಿಜ್ಞಾನ ಕೊಟ್ಟ ಉತ್ತರವನ್ನು ಇಂದು ತಮ್ಮ ಮುಂದಿಡುತ್ತೇವೆ.

ನಮ್ಮ ಹಿರಿಯರು ವಾಂತಿಭೇದಿ ಎಂದು ಹೆಸರಿಸಲೂ ಅಂಜುತ್ತಿದ್ದ ಬೇನೆಯೇ ಕಾಲರಾ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಅವರು ಕಲ್ಕತ್ತೆಯಲ್ಲಿ ಇದರ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದರು. ಅಲ್ಪವಿರಾಮದಂತೆ ಬಾಗಿದ ಮೈ, ಈಜಲು ಒಂದೇ ಬಾಲ. ನೀರಿನೊಡನೆ ನಮ್ಮ ಹೊಟ್ಟೆ ಸೇರಿದವುಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲಿಯೇ ಸಾಯುತ್ತವೆ. ಉಳಿದವು ಸಣ್ಣ ಕರುಳನ್ನು ತಲುಪಿದರೂ ಅಲ್ಲಿ ಹರಿವು ನಿಂತಿರುವುದಿಲ್ಲ. ಏನನ್ನಾದರೂ ಹಿಡಿದುಕೊಳ್ಳದಿದ್ದರೆ ಕೊಚ್ಚಿಹೋಗಬೇಕಾದುದೇ.

ಆದ್ದರಿಂದ ರೋಗಾಣು ಕರುಳಿನ ಲೋಳೆಯೊಳಗೆ ಈಜಿ, ತಾನು ಸ್ರವಿಸುವ ಒಂದು ಪ್ರೋಟೀನಿನ ನೆರವಿನಿಂದ ಅಲ್ಲಿಯ ಸಕ್ಕರೆಯಂಥ ಕಣಗಳಿಗೆ ಅಂಟಿಕೊಳ್ಳುತ್ತದೆ. ಬಳಿಕ ಕೂದಲಿನಂಥ ಎಳೆಗಳಿಂದ ಒಂದನ್ನೊಂದು ಹೆಣೆದುಕೊಂಡು ಗುಂಪು ಕಟ್ಟುತ್ತವೆ. ಅವು ಜೀವಕೋಶದ ಒಳಗೆ ನುಗ್ಗುವುದಿಲ್ಲ. ಹೊರಗೆ ಕುಳಿತೇ ವಿಷವನ್ನು ಸುರಿಸುತ್ತವೆ. ಈ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಡಾಕ್ಟರ್ ಶಂಭುನಾಥ ಡೇ ಅವರು. ವಿಷ ತಗುಲಿದ ಕರುಳು ಉಪ್ಪುನೀರನ್ನು ಹೊರಚೆಲ್ಲತೊಡಗುತ್ತದೆ. ಬೇನೆ ಉಲ್ಬಣಿಸಿದರೆ ಗಂಟೆಗೆ ಒಂದು ಲೀಟರಿನಷ್ಟು ನೀರು ದೇಹದಿಂದ ಹೋಗುವುದುಂಟು.

ಆದರೂ ಸಕ್ಕರೆಯೊಡನೆ ಉಪ್ಪನ್ನು ಹೀರಿಕೊಳ್ಳುವ ಕರುಳಿನ ದಾರಿ ಕೆಡದೆ ಉಳಿದಿರುತ್ತದೆ. ಅವುಗಳ ಹಿಂದೆಯೇ ನೀರೂ ಒಳಬರುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನೋಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿಯೇ ಸಾವಿರಾರು ಜೀವಗಳನ್ನು ಉಳಿಸಿದರು.

ಇನ್ನು ಸೀರೆಯ ಮಾತು. ನದಿ, ಕೆರೆ, ಅಳಿವೆಗಳಲ್ಲಿ ಈ ರೋಗಾಣು ಸಿಗಡಿ ಜಾತಿಯ ಅತಿ ಸಣ್ಣ ಜೀವಿಗಳ ಚಿಪ್ಪಿಗೆ ಅಂಟಿಕೊಂಡು ಬಾಳುತ್ತದೆ. ಅಲ್ಲಿ ಚಿಪ್ಪನ್ನು ಹಿಡಿಯುವ ಪ್ರೋಟೀನೇ ಇಲ್ಲಿ ಕರುಳನ್ನೂ ಹಿಡಿಯುತ್ತದೆಂದು 2005ರಲ್ಲಿ ತಿಳಿದುಬಂತು. ಒಂಟಿ ರೋಗಾಣು ಬಟ್ಟೆಯ ಕಣ್ಣಿನಲ್ಲಿ ಸುಲಭವಾಗಿ ನುಸುಳೀತು. ಆದರೆ ಅದು ಅಂಟಿಕೊಂಡಿರುವ ಜೀವಿ ದೊಡ್ಡದು. ಮಡಿಸಿದ ಬಟ್ಟೆಯಲ್ಲಿ ಅದು ಸಿಕ್ಕಿಬೀಳುತ್ತದೆ, ತನ್ನೊಡನೆ ರೋಗಾಣುಗಳನ್ನೂ ಹಿಡಿದಿಡುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯಿಂದ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿದುದನ್ನು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು.

ಅರ್ಧಕ್ಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ ಎಂಬುದನ್ನು ಮರೆಯಬಾರದು. ನೀರನ್ನು ಸೋಸಿದ ಮೇಲೆ ಕುದಿಸಲೇಬೇಕು. ಮನೆಯಲ್ಲಿ ಮಗುವಿಗೆ ಭೇದಿ ಹತ್ತಿದರೆ ನೀರು ಕೊಡದೆ ಇರಿಸುವ ಹಳೆಯ ತಪ್ಪನ್ನು ಮಾಡಬಾರದು. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಊರಿನಿಂದ ನಾವು ನುಡಿಯನ್ನು ತಂದೆವು, ಹಬ್ಬಗಳನ್ನು ತಂದೆವು. ತಾಯಂದಿರ ಆ ಸೋಸುವ ಬಟ್ಟೆಯನ್ನು ಮಾತ್ರ ನಾಚಿ ಅಲ್ಲಿಯೇ ಬಿಟ್ಟುಬಂದಿದ್ದರೆ, ಅದನ್ನೂ ತರಿಸಿಕೊಳ್ಳೋಣ.