ವಂಶಾವಳಿ ಸಂಘವೂ ನಮ್ಮ ಇಗರ್ಜಿಯ ದಫ್ತರಗಳೂ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಶತಮಾನ ಕಂಡ ಇಗರ್ಜಿಯಲ್ಲಿ ಬಲಿಪೀಠವೊಂದನ್ನು ಬಿಟ್ಟರೆ ಅತ್ಯಂತ ಅಮೂಲ್ಯವಾದುದು ಯಾವುದು? ಕಚೇರಿಯ ಕಪಾಟಿನಲ್ಲಿರುವ ದಫ್ತರಗಳೆಂದೇ ನನ್ನ ಉತ್ತರ. ವಿವಾಹಗಳನ್ನೂ ಜ್ಞಾನಸ್ನಾನಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಮರಣಗಳನ್ನೂ ಸೇರಿಸಿತು. ಮದುವೆ ಗೊತ್ತಾದಾಗ ಇಲ್ಲವೆ ಪಾಸ್‌ಪೋರ್ಟ್ ಬೇಕಾದಾಗ ಮಾತ್ರ ನಾವು ಈ ಪುಸ್ತಕಗಳನ್ನು ಸ್ಮರಿಸುತ್ತೇವೆ. ಅವುಗಳಿಂದ ಇನ್ನೂ ದೊಡ್ಡ ಸೇವೆ ಸಾಧ್ಯವೆಂಬುದಕ್ಕೆ ಅಮೆರಿಕದ ಬಾಸ್ಟನ್ ನಗರದ ವಂಶಾವಳಿ ಸಂಘದ ಚರಿತ್ರೆಯೇ ನಿದರ್ಶನ.

ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ಎಂಬ ಆ ಸಂಘವನ್ನು 1845ರಲ್ಲಿ ಐವರು ಮಹನೀಯರು ಸ್ಥಾಪಿಸಿದರು. ಆ ದೇಶದಲ್ಲಿ ಅದೇ ಮೊದಲನೆಯದು. 1847ರಲ್ಲಿ ಆರಂಭವಾದ ಅದರ ತ್ರೈಮಾಸಿಕ ಇಂದಿಗೂ ನಿಂತಿಲ್ಲ. ಮಸಾಚುಸೆಟ್ಸ್ ಪ್ರಾಂತದ ಊರೂರುಗಳ ಜನನ, ವಿವಾಹ, ಮರಣಗಳ ಹಳೆಯ ದಾಖಲೆಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಿಂದ ಸಂಪುಟ ಸಂಪುಟವಾಗಿ ಅಚ್ಚು ಮಾಡಿಸಿದ್ದು ಅದರ ಮಹತ್ಕಾರ್ಯ. ಆದರೆ ಆರಂಭಕಾಲದಲ್ಲಿ ಅದು ಮುಖ್ಯವಾಗಿ ಇಂಗ್ಲೆಂಡಿನಿಂದ ಬಂದ ಹಳೆಯ ಪ್ರಾಟೆಸ್ಟಂಟ್ ಮನೆತನಗಳ ಕೂಟವಾಗಿತ್ತು. ಸ್ತ್ರೀಯರಿಗೆ ಸದಸ್ಯತ್ವ ದೊರೆತದ್ದು 1898ರಲ್ಲಿ.

ಆ ನಗರದಲ್ಲಿ ಕಥೋಲಿಕರ ಸ್ಥಿತಿ ಹೇಗಿತ್ತು? ಬಾಸ್ಟನ್ನಿಗೆ ತಾಗಿದ ಚಾರ್ಲ್ಸ್‌ಟೌನಿನಲ್ಲಿದ್ದ ಧರ್ಮಭಗಿನಿಯರ ಮಠವನ್ನು 1834ರಲ್ಲಿ ದೊಂಬಿಗಾರರು ಸುಟ್ಟಿದ್ದರು. ಸಂಘ ಹುಟ್ಟಿದ ಅದೇ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗಲಿ ಘೋರ ಕ್ಷಾಮ ತಲೆದೋರಿತು. ಹಸಿದ ಕಥೋಲಿಕರು ಹಡಗು ಹಡಗಾಗಿ ಬಾಸ್ಟನ್ನಿಗೆ ಬಂದರು. ಅವರಿಗೆ ಮನೆತನದ ಹೊತ್ತಗೆಗಳಿರಲಿಲ್ಲ; ಇಗರ್ಜಿಯ ದಫ್ತರದಲ್ಲಿ ಒಂದು ಸಾಲು ಮಾತ್ರ ಇತ್ತು. ಕಾಲಚಕ್ರ ಉರುಳಿತು. 2017ರಲ್ಲಿ ಅದೇ ಸಂಘವು ಬಾಸ್ಟನ್ ಮಹಾಧರ್ಮಪ್ರಾಂತ್ಯದೊಡನೆ ಕೈಜೋಡಿಸಿ, ನೂರಕ್ಕೂ ಹೆಚ್ಚು ಇಗರ್ಜಿಗಳ 1789ರಿಂದ 1900ರವರೆಗಿನ ದಫ್ತರಗಳ ಪುಟಪುಟಗಳನ್ನೂ ಗಣಕಯಂತ್ರಕ್ಕೆ ಸೇರಿಸುವ ಯೋಜನೆಯನ್ನು ಕೈಗೊಂಡಿತು. ಒಮ್ಮೆ ಹೊರಗಿನವರೆನಿಸಿಕೊಂಡವರ ಹೆಸರುಗಳಿಗೆ ಆ ಸಂಘವೇ ಕಾವಲಾಯಿತು!

ಇನ್ನೊಂದು ಯೋಜನೆ ನಮ್ಮ ಮನಸ್ಸಾಕ್ಷಿಯನ್ನು ಕಲಕುವಂಥದು. ಮೇರಿಲ್ಯಾಂಡಿನ ಯೇಸುಸಭೆಯವರು 1838ರಲ್ಲಿ 272 ಮಂದಿ ದಾಸರನ್ನು ಲೂಯಿಸಿಯಾನದ ತೋಟಗಳಿಗೆ ಮಾರಿದರು. ಆ ಹಣದ ಒಂದಂಶ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಲು ಹೋಯಿತು. ಮಾರಲ್ಪಟ್ಟವರಲ್ಲಿ ಅನೇಕರು ಜ್ಞಾನಸ್ನಾನ ಪಡೆದವರು, ನಮ್ಮಂತೆಯೇ ಕಥೋಲಿಕರು! 1850 ಮತ್ತು 1860ರ ಜನಗಣತಿಯ ದಾಸಪಟ್ಟಿಗಳು ಒಡೆಯನ ಹೆಸರನ್ನು ಬರೆದು, ದಾಸರ ವಯಸ್ಸು, ಲಿಂಗ, ಮೈಬಣ್ಣಗಳನ್ನು ಮಾತ್ರ ಸಾಮಾನ್ಯವಾಗಿ ನಮೂದಿಸಿದವು. ಬಿಡುಗಡೆ ಹೊಂದಿದವರೆಲ್ಲರ ಹೆಸರುಗಳು ಗಣತಿಯಲ್ಲಿ ಕಾಣಿಸಿದ್ದು 1870ರಲ್ಲಿಯೇ. ಸರಕಾರ ಬರೆಯದ ಹೆಸರುಗಳನ್ನು ಇಗರ್ಜಿಯ ದಫ್ತರಗಳು ಬರೆದಿಟ್ಟಿದ್ದವು. ಅವುಗಳ ನೆರವಿನಿಂದಲೂ ಇತರ ದಾಖಲೆಗಳಿಂದಲೂ ಆ 272 ಮಂದಿಯ ಸಂತತಿಯಲ್ಲಿ ಸಾವಿರಾರು ಜನರನ್ನು ಸಂಶೋಧಕರು ಗುರುತಿಸಿದರು. ಬಾಸ್ಟನ್ ಸಂಘವು 2019ರಲ್ಲಿ ಆ ವಂಶಾವಳಿಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. 2017ರಲ್ಲಿ ಯೇಸುಸಭೆಯು ಆ ಸಂತತಿಯವರ ಮುಂದೆ ಕ್ಷಮೆ ಕೋರಿತ್ತು. ದಾಸ್ಯದಲ್ಲಿ ಬಾಳಿದ ಸುಮಾರು ಒಂದು ಕೋಟಿ ಜನರ ಹೆಸರುಗಳನ್ನು ಮರಳಿ ಪಡೆಯುವ ಯೋಜನೆಯನ್ನು ಸಂಘವು 2023ರಲ್ಲಿ ಪ್ರಕಟಿಸಿತು. ಪಾಪವನ್ನು ಮುಚ್ಚದೆ ತೋರಿಸುವ ಶಕ್ತಿಯೂ ಈ ಪುಸ್ತಕಗಳಿಗಿದೆ, ಅಗಲಿದವರನ್ನು ಕೂಡಿಸುವ ಶಕ್ತಿಯೂ ಇದೆ.

ಪ್ರಿಯರೇ, ಹೆಸರು ಕಳೆದುಕೊಳ್ಳುವ ದುಃಖ ಕೆನರಾದ ನಮಗೆ ಅಪರಿಚಿತವಲ್ಲ. 1784ರಲ್ಲಿ ನಮ್ಮ ಪೂರ್ವಿಕರು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಹೋದರು, ಇಗರ್ಜಿಗಳು ನೆಲಸಮವಾದವು, ಉಳಿದವರು 1799ರ ನಂತರ ಮರಳಿದರು. ಆದುದರಿಂದ ಆ ಬಳಿಕ ಬರೆಯಲಾದ ಒಂದೊಂದು ಹಾಳೆಯೂ ನಮಗೆ ನಿಧಿ. ಗೆದ್ದಲು ಮತ್ತು ಮಳೆಗಾಲದ ತೇವ ನಮಗಾಗಿ ಕಾಯುವುದಿಲ್ಲ.

ಈ ಶತಮಾನೋತ್ಸವದ ನೆನಪಿಗೆ ನಮ್ಮಲ್ಲಿಯೂ ಒಂದು ಚಿಕ್ಕ ವಂಶಾವಳಿ ಸಮಿತಿ ಹುಟ್ಟಲಿ. ಮೊದಲನೆಯದಾಗಿ, ಧರ್ಮಾಧ್ಯಕ್ಷರ ಅನುಮತಿ ಪಡೆದು ಹಳೆಯ ದಫ್ತರಗಳ ಛಾಯಾಪ್ರತಿ ತೆಗೆದು, ಒಂದು ಪ್ರತಿಯನ್ನು ಬೇರೆಡೆ ಇರಿಸೋಣ. ಎರಡನೆಯದಾಗಿ, ಯುವಜನರು ವಾರ್ಡುವಾರು ಮನೆಗಳಿಗೆ ಹೋಗಿ ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳಲಿ. ಮುಂಬಯಿಗೆ, ಗಲ್ಫಿಗೆ, ಘಟ್ಟದ ಕಾಫಿ ತೋಟಗಳಿಗೆ ಹೋದವರನ್ನೂ ತಾಯಂದಿರ ತವರುಮನೆಯನ್ನೂ ಬಿಡದಿರಲಿ. ಮೂರನೆಯದಾಗಿ, ಸಮಾಧಿಕಲ್ಲುಗಳ ಅಕ್ಷರಗಳು ಸವೆಯುವ ಮೊದಲೇ ನಕಲಾಗಲಿ. ಆದರೆ ಜೀವಂತರ ಗುಟ್ಟು ಬಯಲಾಗಬಾರದು. ಇತ್ತೀಚಿನ ದಫ್ತರಗಳು ಕಪಾಟಿನಲ್ಲಿಯೇ ಇರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ಗೋವೆಯಿಂದ ಬಂದ ಮೂಲಪುರುಷನ ಜಾತಿ ಯಾವುದೆಂದು ತಿಳಿಯುವುದಕ್ಕೇ ಈ ಕೆಲಸವೆಂದು ಭಾವಿಸುವವರು ನಮ್ಮಲ್ಲಿ ಇಲ್ಲದಿಲ್ಲ. ಅಂಥವರು ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯವನ್ನು ಓದಲಿ: ಪ್ರಭುವಿನ ವಂಶಾವಳಿಯಲ್ಲಿ ರಾಹಾಬಳೂ ಇದ್ದಾಳೆ, ಪರದೇಶದ ರೂತಳೂ ಇದ್ದಾಳೆ. ನಮ್ಮ ದಫ್ತರದಲ್ಲಿಯೂ ಧಣಿಯ ಮಗುವಿನ ಹೆಸರಿನ ಕೆಳಗೆ ಒಕ್ಕಲಿನ ಮಗುವಿನ ಹೆಸರು ಅದೇ ಮಸಿಯಲ್ಲಿ, ಅದೇ ಅಕ್ಷರದಲ್ಲಿ ನಿಂತಿದೆ. ಯಾರ ಹೆಸರನ್ನೂ ಕೈಬಿಡದೆ ಬರೆಯೋಣ. ದೇವರು ನಮ್ಮ ಈ ಯತ್ನವನ್ನು ಆಶೀರ್ವದಿಸಲಿ.