ಕಾಡಿಗೆ ಹೊರಡುವ ಮುನ್ನ



1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಮಲೆನಾಡನ್ನು ಇಂದಿಗೂ ಬಿಟ್ಟಿಲ್ಲ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಆದ್ದರಿಂದ ಉಣುಗು ಕಚ್ಚದಂತೆ ತಡೆಯುವುದೇ ಮುಖ್ಯ ರಕ್ಷಣೆ.

ನವೆಂಬರಿನಿಂದ ಮೇವರೆಗೆ ತರಗೆಲೆಗಳಲ್ಲಿ ಎಳೆಯ ಉಣುಗುಗಳು ಹೆಚ್ಚು. ಸೊಪ್ಪು, ಸೌದೆಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ವಿತರಿಸುವ ಡೆಪಾ ತೈಲವನ್ನು ಬಟ್ಟೆಯಿಂದ ಹೊರಗುಳಿದ ಕೈಕಾಲುಗಳಿಗೆ ಸವರಿಕೊಳ್ಳಬೇಕು. ಕಣ್ಣು, ಬಾಯಿ, ಗಾಯಗಳಿಗೆ ತಾಗಕೂಡದು. ಮಕ್ಕಳಿಗೆ ಹಿರಿಯರೇ ಹಚ್ಚಬೇಕು. ಅಂಗೈಗೆ ಬೇಡ, ಅದು ಬಾಯಿಗೆ ಹೋಗುತ್ತದೆ. ಹಸುಗೂಸಿಗೆ ವೈದ್ಯರನ್ನು ಕೇಳದೆ ಹಚ್ಚಬಾರದು. ಅದನ್ನು ಕಾಡಿಗೆ ಒಯ್ಯದಿರುವುದೇ ಲೇಸು. ತೋಟಕ್ಕೆ ಸಿಂಪಡಿಸುವ ಕೀಟನಾಶಕ ಯಾರ ಮೈಗೂ ಸಲ್ಲದು.

ಮನೆಗೆ ಮರಳಿದೊಡನೆ ಸಾಬೂನು ಹಚ್ಚಿ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಎಳೆಯಬೇಕು; ಬೆರಳಿನಿಂದ ಹಿಸುಕಬಾರದು. ಜ್ವರ, ತಲೆನೋವು, ಮೈಕೈ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮಂಗವೂ ಈ ರೋಗದ ಬಲಿಯೇ ಹೊರತು ಶತ್ರುವಲ್ಲ. ಅದನ್ನು ಕೊಲ್ಲದೆ, ಕಾಡಿಗೆ ಬೆಂಕಿಯಿಡದೆ, ಮನೆಮಂದಿಯನ್ನು ಕಾಯುವ ದಾರಿ ಪ್ರತಿಯೊಬ್ಬರ ಕೈಯಲ್ಲಿದೆ.